ಸಂಗ್ರಹವೂ ನಿಕ್ಷೇಪವೂ

ಹಾಸನದ ಸೀಮೆಯಲ್ಲಿ ದೊಡ್ಡ ವಸ್ತುಗಳನ್ನು ಕಾಯುವವರಿಗೆ ಕೊರತೆಯಿಲ್ಲ. ಬೇಲೂರಿನ ಚೆನ್ನಕೇಶವನ ಗುಡಿಗೂ ಹಳೇಬೀಡಿನ ಹೊಯ್ಸಳೇಶ್ವರನ ಗುಡಿಗೂ ಸರ್ಕಾರದ ಕಾವಲುಂಟು. 2023ರಲ್ಲಿ ಅವುಗಳ ಹೆಸರು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಶ್ರವಣಬೆಳಗೊಳದ ಗೊಮ್ಮಟನನ್ನು ಸಾವಿರ ವರ್ಷಗಳಿಂದ ಜನರ ಭಕ್ತಿಯೇ ಕಾಯುತ್ತ ಬಂದಿರುವುದು. ಆದರೆ ಇದೇ ಸೀಮೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಮನೆಗಳಲ್ಲಿ, ಅಟ್ಟದ ಮೇಲಿನ ಮರದ ಪೆಟ್ಟಿಗೆಯೊಳಗೆ, ಅಂಗೈಯಲ್ಲಿ ಅಡಗಿಹೋಗುವಷ್ಟು ಚಿಕ್ಕವಾದ ವಸ್ತುಗಳು ಕೆಲವು ಬಿದ್ದಿರುತ್ತವೆ. ಅಜ್ಜಿಯ ಸುಣ್ಣದ ಡಬ್ಬಿ, ಅಜ್ಜನ ಅಡಕತ್ತರಿ, ಶಾನುಭೋಗರ ಮಸಿಕುಡಿಕೆ, ಶಾಸ್ತ್ರಿಗಳ ನಶ್ಯದ ಡಬ್ಬಿ. ಇವುಗಳಿಗೆ ಕಾವಲಿಲ್ಲ, ಪಟ್ಟಿಯೂ ಇಲ್ಲ. ಇವುಗಳನ್ನು ಕೇಳಿಕೊಂಡು ಬಾಗಿಲಿಗೆ ಬರುವವರು ಇಬ್ಬರೇ: ತೂಕಕ್ಕೆ ಕೊಳ್ಳುವ ಹಳೆಯ ಪಾತ್ರೆಯ ವ್ಯಾಪಾರಿ ಒಬ್ಬನು, ಪುರಾತನ ವಸ್ತುಗಳ ಸಂಗ್ರಹಕಾರನು ಇನ್ನೊಬ್ಬನು. ಮೊದಲನೆಯವನ ನೀತಿಯನ್ನು ವಿಚಾರಿಸುವ ಕಷ್ಟವಿಲ್ಲ. ಅವನ ತಕ್ಕಡಿ ಸರಿಯಾಗಿದ್ದರೆ ಸಾಕು. ಎರಡನೆಯವನು ಯಾವ ಹಕ್ಕಿನಿಂದ ಬರುತ್ತಾನೆ, ಏನನ್ನು ಕೊಂಡುಹೋಗುತ್ತಾನೆ, ಯಾರಿಗೆ ಋಣಿಯಾಗುತ್ತಾನೆ ಎಂಬುದು ಹಾಗೆ ಸುಲಭವಾಗಿ ತೀರುವ ಪ್ರಶ್ನೆಯಲ್ಲ.

ನಶ್ಯದ ಡಬ್ಬಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಶ್ಯವೆಂಬ ಮಾತು ಆಯುರ್ವೇದದ ನಸ್ಯದಿಂದ ಬಂದದ್ದು. ಮೂಗಿನ ಮೂಲಕ ಔಷಧವನ್ನು ಕೊಡುವ ನಸ್ಯವು ಪಂಚಕರ್ಮಗಳಲ್ಲಿ ಒಂದು. ಹೊಗೆಸೊಪ್ಪಾದರೋ ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಈ ದೇಶಕ್ಕೆ ಬಂದದ್ದು. ಹೊಸ ಚಟಕ್ಕೆ ಹಳೆಯ ಔಷಧದ ಹೆಸರು ದೊರೆತೊಡನೆ ಅದರ ಗೌರವವೂ ದೊರೆಯಿತು. ಹೊಗೆ ಸೇದುವುದನ್ನು ಅನಾಚಾರವೆಂದು ಬಗೆದ ಮನೆಗಳ ಜಗುಲಿಯ ಮೇಲೆಯೇ ನಶ್ಯದ ಡಬ್ಬಿ ಕೈಯಿಂದ ಕೈಗೆ ಸಾಗಿತು. ಪಂಡಿತರು ವಾದದ ನಡುವೆ ಒಂದು ಚಿಟಿಕೆ ಏರಿಸಿದರು. ಉಪಾಧ್ಯಾಯರು ಮಗ್ಗಿ ಒಪ್ಪಿಸುವ ಹುಡುಗನ ಮುಂದೆ ಏರಿಸಿದರು. ಪಂಚಾಯಿತಿಯ ಮುಖಂಡರು ಕಠಿನವಾದ ತೀರ್ಪನ್ನು ಹೇಳುವ ಮುನ್ನ ಏರಿಸಿದರು. ಡಬ್ಬಿಯನ್ನು ಎದುರಿನವನಿಗೆ ಚಾಚುವುದೇ ಒಂದು ಮರ್ಯಾದೆ. ಉಳ್ಳವರಿಗೆ ಬೆಳ್ಳಿಯದು, ನಡುವಣವರಿಗೆ ಹಿತ್ತಾಳೆಯದು ಅಥವಾ ಕೊಂಬಿನದು, ಏನೂ ಇಲ್ಲದವರಿಗೆ ಒಣಗಿದ ಬಾಳೆಯ ಪಟ್ಟೆ. ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ರೋಗಕಾರಿಯೆಂಬುದು ಈಗ ಎಲ್ಲರಿಗೂ ತಿಳಿದಿದೆ. ಆ ಚಟವು ಕುಗ್ಗಿದುದಕ್ಕೆ ಯಾರೂ ಅಳಬೇಕಾಗಿಲ್ಲ. ಇಂದು ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಾಜಾಗುವ ಹೊಗೆಸೊಪ್ಪು ಸಿಗರೇಟಿನ ಕಾರ್ಖಾನೆಗಳಿಗೆ ಹೋಗತಕ್ಕ ಸೊಪ್ಪು. ನಶ್ಯದ ಡಬ್ಬಿ ಬರಿದಾಗಿ ಅಟ್ಟವನ್ನೇರಿದೆ.

ದೂರದ ಚೀಣದಲ್ಲಿಯೂ ಇಂಥದೇ ಕಥೆ ನಡೆಯಿತು. ಅಲ್ಲಿಯೂ ಯೂರೋಪಿಯನ್ನರು ತಂದ ನಶ್ಯವನ್ನು ಜನರು ಔಷಧವೆಂದು ಬರಮಾಡಿಕೊಂಡರು. ಯೂರೋಪಿನ ಮುಚ್ಚಳದ ಡಬ್ಬಿಯಲ್ಲಿ ಪುಡಿಯು ಅಲ್ಲಿನ ತೇವಕ್ಕೆ ಹಾಳಾಗುತ್ತಿದ್ದುದರಿಂದ, ಔಷಧ ತುಂಬುವ ಸಣ್ಣ ಕುಪ್ಪಿಗೆ ಬಿರಡೆಯನ್ನು ಹಾಕಿ, ಬಿರಡೆಯ ಅಡಿಗೆ ಕಡ್ಡಿಯಷ್ಟು ತೆಳುವಾದ ಚಮಚವನ್ನು ಸೇರಿಸಿ, ನಶ್ಯದ ಕುಪ್ಪಿಯನ್ನು ರೂಢಿಗೆ ತಂದರು. 1696ರಲ್ಲಿ ಕಾಂಗ್‌ಷಿ ಚಕ್ರವರ್ತಿಯು ಕಿಲಿಯನ್ ಸ್ಟುಂಫ್ ಎಂಬ ಜರ್ಮನ್ ಪಾದ್ರಿಯ ಮೇಲ್ವಿಚಾರಣೆಯಲ್ಲಿ ಅರಮನೆಯ ಗಾಜಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಗಾಜಿನ ಕುಪ್ಪಿಗಳು ಹೆಚ್ಚಾದುವು. ಹರಳು, ದಂತ, ಪಿಂಗಾಣಿಗಳ ಕುಪ್ಪಿಗಳೂ ಬಂದುವು. ಯಿಷಿಂಗ್ ಎಂಬ ಊರಿನ ಕುಂಬಾರರು ತಮ್ಮ ನೆಲದ ಕಂದುಮಣ್ಣಿನಿಂದಲೇ ಕುಪ್ಪಿಗಳನ್ನು ಮಾಡಿದರು. ಆ ಮಣ್ಣಿನ ಪಾತ್ರೆಯ ಜಾತಿ ಕನ್ನಡದ ಗೃಹಿಣಿಯರಿಗೆ ಅಪರಿಚಿತವಲ್ಲ. ಉಪ್ಪಿನಕಾಯಿಯ ಜಾಡಿಯೂ ಅದೇ ಕುಲದ್ದು. ಸಾಮಾನ್ಯ ಮಡಕೆಗಿಂತ ಬಹಳ ಹೆಚ್ಚಿನ ಉರಿಯಲ್ಲಿ ಸುಟ್ಟು, ಮಣ್ಣು ಕಲ್ಲಿನಂತೆ ಬಿಗಿದು, ನೀರು ಜಿನುಗದಂತಾದ ಪಾತ್ರೆಯದು. ಜಾಡಿಯನ್ನು ಮಾಡುವ ಬಗೆಯ ಮಣ್ಣನ್ನು ಹೆಬ್ಬೆರಳಿನ ಉದ್ದಕ್ಕೆ ಇಳಿಸಿ, ಅದರ ಮೈಮೇಲೆ ಬೇರೆ ಬಣ್ಣದ ತಿಳಿಮಣ್ಣಿನಿಂದ ಬೆಟ್ಟವನ್ನೂ ಮರವನ್ನೂ ಬರೆದ ಕೈ ಸಾಮಾನ್ಯವಾದುದಲ್ಲ.

1912ರಲ್ಲಿ ಚಿಂಗ್ ವಂಶದ ಕೊನೆಯ ಚಕ್ರವರ್ತಿಯು ಸಿಂಹಾಸನವನ್ನು ಬಿಟ್ಟನು. ಆ ಕಾಲದ ಹಳೆಯ ಮನೆತನಗಳು ಬಡವಾದುವು. ನಶ್ಯದ ರೂಢಿಯೂ ಹಿಂದೆ ಬಿತ್ತು. ಕುಪ್ಪಿಗಳು ಸಮುದ್ರವನ್ನು ದಾಟಿ ಶ್ರೀಮಂತರ ಕಪಾಟುಗಳನ್ನು ಸೇರಿದುವು. 1968ರಲ್ಲಿ ಅಮೆರಿಕಾದ ಬಾಲ್ಟಿಮೋರ್ ನಗರದಲ್ಲಿ ಅವುಗಳ ಸಂಗ್ರಹಕಾರರದೇ ಒಂದು ಸಂಘ ಹುಟ್ಟಿತು. 2010ರಿಂದ ಕೆಲವು ವರ್ಷಗಳ ಕಾಲ ಹಾಂಗ್‌ಕಾಂಗಿನಲ್ಲಿ ಬ್ಲಾಕ್ ದಂಪತಿಗಳ ಸಂಗ್ರಹವು ಕಂತುಕಂತಾಗಿ ಹರಾಜಾದಾಗ, ಹಿಂದೆ ಒಬ್ಬನ ತೋಳಿನ ಮಡಿಕೆಯಲ್ಲಿದ್ದ ಕುಪ್ಪಿಗೆ ಮನೆಯನ್ನು ಕೊಳ್ಳುವಷ್ಟು ಹಣ ಬಂದಿತು. ವಿದ್ವಾಂಸರು ಮಣ್ಣು, ಬಣ್ಣ, ಬಿರಡೆಗಳನ್ನು ಪರೀಕ್ಷಿಸಿ ಕುಪ್ಪಿಯ ಕಾಲವನ್ನು ಊಹಿಸಬಲ್ಲರು. ಆದರೆ ಅದರಿಂದ ಮೊದಲ ಚಿಟಿಕೆಯನ್ನು ತೆಗೆದವನು ಯಾರು, ಯಾರಿಗೆ ಚಾಚಿದನು, ಅವನ ಮಕ್ಕಳು ಎಂಥ ಕಷ್ಟದಲ್ಲಿ ಅದನ್ನು ಮಾರಿದರು ಎಂದರೆ, ಬಹುಮಟ್ಟಿಗೆ ಉತ್ತರವಿಲ್ಲ. ಕುಪ್ಪಿ ಉಳಿಯಿತು, ಮನುಷ್ಯನು ಅಳಿಸಿಹೋದನು. ಹಾಸನದ ಡಬ್ಬಿಗೂ ಇದೇ ಗತಿಯಾಗಬೇಕೇ ಎಂಬುದೇ ವಿಚಾರ ಮಾಡತಕ್ಕ ಅಂಶ.

ಸಂಗ್ರಹಕಾರನ ಪಕ್ಷದಲ್ಲಿ ಹೇಳಬಹುದಾದುದನ್ನು ಮೊದಲು ಹೇಳುವುದು ನ್ಯಾಯ. ಅವನು ಬಾರದಿದ್ದರೆ ಡಬ್ಬಿ ಮನೆಯಲ್ಲಿಯೇ ಸುಖವಾಗಿ ಇರುತ್ತಿತ್ತೆಂದು ತಿಳಿಯುವುದು ಭ್ರಮೆ. ಮಕ್ಕಳು ಬೆಂಗಳೂರಿನಲ್ಲಿರುವರು, ಮನೆ ಭಾಗವಾಗುವುದು ಅಥವಾ ಬೀಳುವುದು, ಹಳೆಯ ಹಿತ್ತಾಳೆಯನ್ನು ಕೊಟ್ಟು ಸ್ಟೀಲಿನ ಪಾತ್ರೆಯನ್ನು ಕೊಂಡ ಮನೆಗಳೆಷ್ಟೋ. ಹಿತ್ತಾಳೆ ತಾಮ್ರದ ಪಾತ್ರೆಗಳ ಕೆಲಸಕ್ಕೆ ಹಿಂದೆ ಹೆಸರಾಗಿದ್ದ ಶ್ರವಣಬೆಳಗೊಳದ ಸೀಮೆಯಲ್ಲಿಯೂ ಕಂಚುಗಾರನು ಬಡಿದು ಮಾಡಿದ ಮುಚ್ಚಳವು ಕುಲುಮೆಯಲ್ಲಿ ಕರಗಿ ನಲ್ಲಿಯ ಭಾಗವಾಗುವುದು ಅಸಂಭವವಲ್ಲ. ತೂಕಕ್ಕೆ ಹೋಗುವುದನ್ನು ತಡೆದು, ತಿಕ್ಕಿ, ಹತ್ತಿಯಲ್ಲಿ ಸುತ್ತಿ, ಬೀಗ ಹಾಕಿ ಕಾಪಾಡುವವನು ಉಪಕಾರಿಯೇ ಸರಿ. ಅಲ್ಲದೆ, ವಸ್ತುವಿನ ಸೌಂದರ್ಯವನ್ನು ಕಾಣುವ ಕಣ್ಣು ಅವನಲ್ಲಿದೆ. ಮನೆಯವರಲ್ಲಿ ಅದು ಮಂಕಾಗಿರಬಹುದು. ಹಾಸನದ ಸೀಮೆಯ ನಿತ್ಯಜೀವನದ ಇತಿಹಾಸವನ್ನು ನಾಳೆ ಬರೆಯುವವನು ಇಂಥವನ ಕಪಾಟಿನ ಮುಂದೆ ನಿಂತೇ ಬರೆಯಬೇಕಾದೀತು.

ಇಷ್ಟನ್ನು ಒಪ್ಪಿದ ಮೇಲೂ ತೊಡಕು ಉಳಿಯುವುದು. ಹೀಗೊಂದು ಸಂದರ್ಭವನ್ನು ಭಾವಿಸಿಕೊಳ್ಳಬಹುದು. ಹೊಳೆನರಸೀಪುರದ ಒಂದು ಹಳೆಯ ಬೀದಿಯ ಮನೆಗೆ ಸಂಗ್ರಹಕಾರನೊಬ್ಬನು ಬರುತ್ತಾನೆ. ಮನೆಯಲ್ಲಿ ವೃದ್ಧೆಯೊಬ್ಬಳೇ ಇದ್ದಾಳೆ. ಅಟ್ಟದಿಂದಿಳಿಸಿದ ಪೆಟ್ಟಿಗೆಯಲ್ಲಿ ಅವನ ಕಣ್ಣು ಒಂದು ಬೆಳ್ಳಿಯ ನಶ್ಯದ ಡಬ್ಬಿಯ ಮೇಲೆ ಬೀಳುತ್ತದೆ. ಮುಚ್ಚಳದ ಮೇಲೆ ಗಂಡಭೇರುಂಡ, ಕೆಲಸ ಅಪೂರ್ವವಾದುದು. ಕೈ ನಡುಗದಂತೆ ಎಚ್ಚರವಹಿಸಿ ಅವನು ಬೇರೆ ನಾಲ್ಕು ಸಾಮಾನುಗಳನ್ನು ನೋಡಿದಂತೆ ಮಾಡಿ, ಕೊನೆಗೆ ಇದನ್ನು ಕೇಳುತ್ತಾನೆ. ಆಕೆ ಹೇಳುತ್ತಾಳೆ: “ಅದು ನಮ್ಮ ಮಾವನವರದಪ್ಪ. ಈಗ ನಶ್ಯ ಹಾಕುವವರು ಯಾರಿದ್ದಾರೆ? ಬೆಳ್ಳಿಯ ತೂಕಕ್ಕೆ ಏನಾಗುತ್ತದೋ ಕೊಟ್ಟು ತೆಗೆದುಕೊಂಡು ಹೋಗು.” ತೂಕದ ಬೆಲೆಯ ಹತ್ತರಷ್ಟನ್ನು ಪಟ್ಟಣದಲ್ಲಿ ಕಣ್ಣು ಮುಚ್ಚಿಕೊಂಡು ಕೊಡುವವರಿದ್ದಾರೆಂಬುದು ಅವನಿಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಅವನು ಸುಳ್ಳನ್ನೇನೂ ಆಡಿಲ್ಲ. ಸುಮ್ಮನಿದ್ದಾನೆ, ಅಷ್ಟೆ. ಆ ಮೌನವು ಧರ್ಮವೇ?

ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗಾಗಿ ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ ಇಂಥದೇ ಒಂದು ಪ್ರಸಂಗವಿದೆ. ಸ್ಕೀವೋಲ ಎಂಬ ನ್ಯಾಯವೇತ್ತನು ಒಂದು ಜಮೀನನ್ನು ಕೊಳ್ಳಲು ಹೋಗಿ, ಬೆಲೆಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದು ಕೇಳಿದನು. ಮಾರುವವನು ಹೇಳಿದನು. ಜಮೀನು ಅದಕ್ಕಿಂತ ಹೆಚ್ಚು ಬಾಳುವುದೆಂದು ತನಗೆ ತೋರುವುದಾಗಿ ಸ್ಕೀವೋಲನು ನುಡಿದು, ಕೇಳಿದ ಬೆಲೆಯ ಮೇಲೆ ಒಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನು. ಇದು ಒಳ್ಳೆಯವನ ಕೆಲಸವೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಜಾಣನ ಕೆಲಸವಲ್ಲವೆಂದು ಜನರು ಹೇಳಿದರಂತೆ. ಒಳ್ಳೆಯತನವನ್ನೂ ಜಾಣತನವನ್ನೂ ಹೀಗೆ ಬೇರೆಬೇರೆ ಮಾಡುವುದೇ ಲೋಕದ ಕೇಡಿಗೆ ಮೂಲವೆಂಬುದು ಸಿಸೆರೋವಿನ ಅಭಿಪ್ರಾಯ.

ಇದಕ್ಕೆ ಸಂಗ್ರಹಕಾರನು ಕೊಡುವ ಉತ್ತರವೂ ಬಲವಾದುದೇ. “ನನ್ನ ತಿಳಿವಳಿಕೆ ಪುಕ್ಕಟೆಯಾಗಿ ಬಂದದ್ದಲ್ಲ. ಇಪ್ಪತ್ತು ವರ್ಷ ಊರೂರು ಸುತ್ತಿದ್ದೇನೆ, ನಕಲಿಯನ್ನು ಕೊಂಡು ನಷ್ಟಪಟ್ಟಿದ್ದೇನೆ. ವೈದ್ಯನು ತನ್ನ ವಿದ್ಯೆಯ ಫಲವನ್ನು ಪಡೆಯುವಂತೆ ನಾನೂ ಪಡೆದರೆ ತಪ್ಪೇನು?” ಎಂದು ಅವನು ಕೇಳಬಹುದು. ತಪ್ಪೇನೂ ಇಲ್ಲ, ಆದರೆ ಹೋಲಿಕೆ ಸರಿಯಲ್ಲ. ವೈದ್ಯನು ತನ್ನ ವಿದ್ಯೆಯನ್ನು ರೋಗಿಯ ಪರವಾಗಿ ಉಪಯೋಗಿಸಿ ಹಣ ಪಡೆಯುತ್ತಾನೆ. ಇವನು ಅದನ್ನು ಮನೆಯವಳ ವಿರುದ್ಧವಾಗಿ ಉಪಯೋಗಿಸಿ ಪಡೆಯುತ್ತಾನೆ. ಪೇಟೆಯಲ್ಲಿ ಇಬ್ಬರು ವ್ಯಾಪಾರಿಗಳು ಎದುರುಬದುರಾಗಿ ನಿಂತಾಗ ಒಬ್ಬನ ಮೌನವನ್ನು ಇನ್ನೊಬ್ಬನು ನಿರೀಕ್ಷಿಸಿಯೇ ಇರುತ್ತಾನೆ. ಆದರೆ ಪೆಟ್ಟಿಗೆಯ ಬೀಗವನ್ನು ತೆಗೆದು, ಕಾಫಿ ಕೊಟ್ಟು, ‘ಅಪ್ಪ’ ಎಂದು ಕರೆದವಳು ವ್ಯಾಪಾರಕ್ಕೆ ಕುಳಿತಿಲ್ಲ. ಬೆಲೆಯನ್ನು ಅವನ ನಾಲಗೆಗೇ ಬಿಟ್ಟಿದ್ದಾಳೆ. ಬಿಟ್ಟದ್ದನ್ನು ಹಿಡಿದುಕೊಂಡು ಸುಮ್ಮನಿರುವುದು ಮೌನವಲ್ಲ. ಅದೂ ಒಂದು ಬಗೆಯ ಮಾತು, ಸುಳ್ಳಾದ ಮಾತು. ತನ್ನ ಶ್ರಮಕ್ಕೆ ತಕ್ಕ ಭಾಗವನ್ನು ಅವನು ಬಾಯಿಬಿಟ್ಟು ಹೇಳಿ ಇಟ್ಟುಕೊಳ್ಳಲಿ. ಹೇಳಿ ಕಡಮೆ ಕೊಡುವುದು ವ್ಯವಹಾರ. ಹೇಳದೆ ಕಡಮೆ ಕೊಡುವುದು ವಂಚನೆ.

ಕಾನೂನು ಈ ವಿಷಯದಲ್ಲಿ ಹೆಚ್ಚು ಸಹಾಯ ಮಾಡುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಯು ಸಾಮಾನ್ಯವಾಗಿ ನೂರು ವರ್ಷಕ್ಕೆ ಕಡಮೆಯಿಲ್ಲದ ಕಲಾವಸ್ತುವನ್ನು ಪುರಾತನವೆಂದು ಎಣಿಸಿ, ಖಾಸಗಿಯವರು ಅದನ್ನು ದೇಶದಿಂದ ಹೊರಕ್ಕೆ ಸಾಗಿಸುವುದನ್ನು ನಿಷೇಧಿಸಿತು. ಅದರ ವ್ಯಾಪಾರ ಮಾಡುವವನು ಪರವಾನಗಿ ಪಡೆಯತಕ್ಕದ್ದೆಂದು ವಿಧಿಸಿತು. ಗಡಿಯನ್ನು ಕಾಯುವ ಕೆಲಸವನ್ನು ಅದು ಮಾಡಬಲ್ಲದು. ಹೊಳೆನರಸೀಪುರದ ಒಂದು ಹಜಾರದಲ್ಲಿ ಇಬ್ಬರ ನಡುವೆ ನಡೆಯುವ ಮಾತನ್ನು ಅದು ಕೇಳಲಾರದು.

ಬೆಲೆಯ ಮಾತು ತೀರಿದ ಮೇಲೆ ಇನ್ನೊಂದು ಋಣ ಉಳಿಯುವುದು. ಅದನ್ನು ಹಣದಿಂದ ತೀರಿಸುವಂತಿಲ್ಲ. ಡಬ್ಬಿಯಲ್ಲಿ ಎರಡು ವಸ್ತುಗಳಿವೆ. ಒಂದು ಬೆಳ್ಳಿ ಮತ್ತು ಕೆಲಸ. ಇದನ್ನು ಮಾರಬಹುದು, ಕೊಳ್ಳಬಹುದು. ಇನ್ನೊಂದು, ‘ಅದು ನಮ್ಮ ಮಾವನವರದು’ ಎಂಬ ಮಾತು. ಈ ಎರಡನೆಯದನ್ನು ಆಕೆ ಮಾರಲಿಲ್ಲ. ಡಬ್ಬಿಯೊಡನೆ ಅವನ ಕೈಗೆ ಅದನ್ನು ಒಪ್ಪಿಸಿದಳು. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ಅನಂತರ ಎರಡನೆಯದಾಗಿ ಬರುವುದು ನಿಕ್ಷೇಪ. ಒಬ್ಬನು ನಂಬಿ ಇನ್ನೊಬ್ಬನ ಬಳಿ ಇರಿಸಿದ ವಸ್ತುವೇ ನಿಕ್ಷೇಪ. ಇಟ್ಟುಕೊಂಡವನು ಅದರ ಒಡೆಯನಾಗುವುದಿಲ್ಲ, ಅದನ್ನು ಕೆಡಿಸುವ ಹಕ್ಕೂ ಅವನಿಗೆ ಬರುವುದಿಲ್ಲ. ಬೆಳ್ಳಿಗೆ ಬೆಲೆ ಕೊಟ್ಟವನು ಬೆಳ್ಳಿಗೆ ಒಡೆಯನಾದನು. ವೃತ್ತಾಂತಕ್ಕೆ ಬೆಲೆ ಕೊಡಲಿಲ್ಲವಾದುದರಿಂದ ಅದು ಅವನಲ್ಲಿ ನಿಕ್ಷೇಪವಾಗಿಯೇ ಉಳಿಯುವುದು. ಬಸ್ಸನ್ನು ಹತ್ತುವಷ್ಟರಲ್ಲಿ ಅದನ್ನು ಮರೆತವನು, ಪೂರ್ಣ ಬೆಲೆಯನ್ನು ಕೊಟ್ಟಿದ್ದರೂ, ಒಪ್ಪಿಸಿದ್ದನ್ನು ಕಳೆದವನೇ ಆದನು.

ಈ ನಿಕ್ಷೇಪವನ್ನು ಕಾಪಾಡುವ ಬಗೆಯನ್ನು ಕಲಿಯಲು ಸಂಗ್ರಹಕಾರನು ದೂರ ಹೋಗಬೇಕಾಗಿಲ್ಲ. 1902ರಲ್ಲಿ ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಹಾಸನ, ಬೇಲೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವೆಂದು ತಾಲ್ಲೂಕಿನ ಪ್ರಕಾರ ವಿಭಾಗಿಸಿ, ಪ್ರತಿಯೊಂದು ಶಾಸನವೂ ಯಾವ ಗ್ರಾಮದಲ್ಲಿ, ಗುಡಿಯ ಯಾವ ಗೋಡೆಯ ಮೇಲೆ, ಯಾವ ಹೊಲದ ಕಲ್ಲಿನ ಮೇಲೆ ಇದೆಯೆಂಬುದನ್ನು ಅದರಲ್ಲಿ ನಮೂದಿಸಲಾಗಿದೆ. ಅಷ್ಟು ದೊಡ್ಡ ಸಂಗ್ರಹಕ್ಕಾಗಿ ಊರೂರಿನ ಕಲ್ಲುಗಳನ್ನು ಕಿತ್ತು ಸಾಗಿಸಬೇಕಾಗಲಿಲ್ಲ. ಕಾಗದದ ಮೇಲೆ ಅಚ್ಚನ್ನು ತೆಗೆದುಕೊಂಡು ಕಲ್ಲನ್ನು ಊರಿಗೆ ಬಿಟ್ಟರು. ವಸ್ತುವನ್ನು ಕದಲಿಸಲೇಬೇಕಾದ ಸಂದರ್ಭಗಳೂ ಉಂಟು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಬೆಳಕಿಗೆ ತಂದ ಪ್ರಾಚೀನ ಕನ್ನಡ ಶಾಸನದ ಕಲ್ಲು ಅನಂತರ ಮೈಸೂರನ್ನು ಸೇರಿತು. ಆದರೂ ಅದನ್ನು ಯಾರೂ ಮೈಸೂರಿನ ಶಾಸನವೆನ್ನುವುದಿಲ್ಲ. ಕಲ್ಲು ಊರನ್ನು ಬಿಟ್ಟರೂ ಊರಿನ ಹೆಸರು ಕಲ್ಲನ್ನು ಬಿಡಲಿಲ್ಲ. ಎಲ್ಲಿಯೋ ಇದ್ದ ಆ ಚಿಕ್ಕ ಹಳ್ಳಿಯನ್ನು ಕನ್ನಡದ ಮಕ್ಕಳೆಲ್ಲರೂ ಬಲ್ಲರು. ನಶ್ಯದ ಡಬ್ಬಿಗೂ ಅಷ್ಟೇ ಬೇಕಾದುದು. ಒಂದು ಅಂಗುಲದ ಚೀಟಿ, ಅದರ ಮೇಲೆ ಊರು, ಮನೆತನ, ಉಪಯೋಗಿಸಿದವರು, ಕೊಟ್ಟವರು, ಕೊಟ್ಟ ವರ್ಷ. ಮನೆಯವರಿಗೆ ಹೆಸರು ಬೇಡವೆಂದಾದರೆ ಊರನ್ನೂ ವರ್ಷವನ್ನೂ ಬರೆದರೆ ಸಾಕು. ಚೀಣದ ಕುಪ್ಪಿಗಳಿಗೆ ಕಾಲಕ್ಕೆ ಸರಿಯಾಗಿ ಇಂಥ ಚೀಟಿಗಳನ್ನು ಕಟ್ಟಿದ್ದರೆ ಲೋಕದ ಕಪಾಟುಗಳಲ್ಲಿ ಅಷ್ಟೊಂದು ಅನಾಥರು ಇರುತ್ತಿರಲಿಲ್ಲ. ವೃತ್ತಾಂತವಿಲ್ಲದ ಕಡೆಯಲ್ಲಿ ನಕಲಿಯೂ ಸುಲಭವಾಗಿ ನುಸುಳುವುದು. ಹಳೆಯದಕ್ಕೆ ಆಸೆಪಡುವವರು ಹೆಚ್ಚಾದಷ್ಟೂ ನಿನ್ನೆ ಮಾಡಿದ್ದನ್ನು ಹಳೆಯದಾಗಿಸುವವರೂ ಹೆಚ್ಚುವರು.

ಕೊನೆಯ ಪರೀಕ್ಷೆ ಇನ್ನೂ ಕಠಿನವಾದುದು. ಸಂಗ್ರಹಕಾರನು ಸರಿಯಾದ ಬೆಲೆ ಕೊಟ್ಟನು, ಚೀಟಿಯನ್ನೂ ಕಟ್ಟಿದನು. ಆದರೆ ರಾತ್ರಿ ಮಲಗುವ ಮುನ್ನ ಬೀಗವನ್ನು ಎರಡು ಸಲ ಎಳೆದು ನೋಡುತ್ತಾನೆ; ನೋಡಲು ಬಂದವರಿಗೆ ತೋರಿಸಲು ಅಳುಕುತ್ತಾನೆ; ನೂರು ಡಬ್ಬಿಗಳಾದ ಮೇಲೆ ನೂರೊಂದನೆಯದಕ್ಕಾಗಿ ಹೆಂಡತಿಯ ಔಷಧದ ಹಣಕ್ಕೆ ಕೈಹಾಕುತ್ತಾನೆ. ಆಗ ಡಬ್ಬಿಗಳು ಅವನ ಸಂಗ್ರಹವಲ್ಲ. ಅವನೇ ಡಬ್ಬಿಗಳ ಸಂಗ್ರಹ. ಚನ್ನರಾಯಪಟ್ಟಣ ತಾಲ್ಲೂಕಿನ ಬೆಟ್ಟದ ಮೇಲೆ ಚಾವುಂಡರಾಯನ ಕಾಲದಿಂದ ನಿಂತಿರುವ ಮೂರ್ತಿಯು ಗೆದ್ದ ರಾಜ್ಯವನ್ನು ಬಿಟ್ಟವನದು. ಮೈಮೇಲೆ ನೂಲೆಳೆಯೂ ಇಲ್ಲದವನದು. ಅದರ ನೆರಳಿನಲ್ಲಿರುವ ಸೀಮೆಯಲ್ಲಿ ಕೂಡಿಡುವ ಹವ್ಯಾಸವನ್ನು ಸಮರ್ಥಿಸುವುದು ಕಷ್ಟವೆಂದು ತೋರಬಹುದು. ಆದರೆ ಜೈನಶಾಸ್ತ್ರವು ಯತಿಗೆ ಹೇಳಿದುದನ್ನೇ ಗೃಹಸ್ಥನಿಗೆ ಹೇಳುವುದಿಲ್ಲ. ಯತಿಗೆ ಸಂಪೂರ್ಣವಾದ ಅಪರಿಗ್ರಹ. ಗೃಹಸ್ಥನಿಗೆ ಪರಿಗ್ರಹದ ಪರಿಮಾಣ, ಎಂದರೆ ತಾನೇ ಹಾಕಿಕೊಂಡ ಒಂದು ಎಲ್ಲೆ. ಅಲ್ಲದೆ ಉಮಾಸ್ವಾತಿಯು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮನಸ್ಸಿನ ಮೋಹದಲ್ಲಿ ಕಂಡನು. ಹಾಗಾದರೆ ಡಬ್ಬಿಗಳ ಲೆಕ್ಕದಿಂದ ದೋಷವನ್ನು ಅಳೆಯುವಂತಿಲ್ಲ. ಬಿಡಬೇಕಾದಾಗ ಬಿಡಬಲ್ಲನೇ ಎಂಬುದರಿಂದ ಅಳೆಯಬೇಕು.

ಬಿಡಬಲ್ಲವರು ಇಲ್ಲದೆ ಇಲ್ಲ. ಪುಣೆಯ ದಿನಕರ ಕೇಳಕರರು ಸುಮಾರು 1920ರಿಂದ ದೀಪ, ಅಡಕತ್ತರಿ, ಮಸಿಕುಡಿಕೆ ಮೊದಲಾದ ಗೃಹೋಪಯೋಗಿ ವಸ್ತುಗಳನ್ನು ಅರಸಿ ಅರಸಿ ಕೂಡಿಸಿದರು. ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟರು. 1975ರಲ್ಲಿ ಅದನ್ನು ಸರ್ಕಾರದ ಮೂಲಕ ಜನರಿಗೆ ಒಪ್ಪಿಸಿದರು. ಕನ್ನಡನಾಡಿನಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು 1968ರಲ್ಲಿ ಆರಂಭವಾಯಿತು, 1994ರಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ನಿಲ್ಲಿಸಿದರು. ಹಳ್ಳಿಯ ಮನೆಯ ಸಾಮಾನು ಅಲ್ಲಿ ಒಬ್ಬನ ಸೊತ್ತಾಗಿಲ್ಲ. ಅದನ್ನು ಬಳಸಿದವರ ಮೊಮ್ಮಕ್ಕಳೂ ಹೋಗಿ ನೋಡಬಹುದು. ಕೂಡಿಸಿದ ಕೈಯೇ ಕೊಡುವ ಕೈಯಾದಾಗ ಸಂಗ್ರಹದ ದೋಷ ಕಳೆಯುವುದು.

ಈಗ ಹೊಳೆನರಸೀಪುರದ ಹಜಾರಕ್ಕೆ ಮರಳಬಹುದು. ಸಂಗ್ರಹಕಾರನು ಒಂದು ಕ್ಷಣ ಸುಮ್ಮನಿದ್ದು, ಅನಂತರ ಇದ್ದುದನ್ನು ಇದ್ದಂತೆ ಹೇಳುತ್ತಾನೆಂದು ಇಟ್ಟುಕೊಳ್ಳಲಿ: “ಅಮ್ಮ, ಇದನ್ನು ತೂಕಕ್ಕೆ ಕೊಡಬೇಡಿ. ಇದರ ಬೆಲೆ ಬೇರೆ.” ಬೆಲೆಯನ್ನು ಕೇಳಿದ ವೃದ್ಧೆ ಡಬ್ಬಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತಾಳೆ. ಐವತ್ತು ವರ್ಷಗಳಿಂದ ನೋಡದಿದ್ದ ಗಂಡಭೇರುಂಡವನ್ನು ಬೆರಳಿನಿಂದ ಸವರುತ್ತಾಳೆ. ಮೊಮ್ಮಗನು ಬಂದಾಗ ಒಂದು ಮಾತು ಕೇಳಬೇಕೆನ್ನುತ್ತಾಳೆ. ಡಬ್ಬಿ ಅವನ ಕೈತಪ್ಪಿತು. ಅವನು ಒಂದು ಕಾಗದವನ್ನು ಕೇಳಿ ಪಡೆದು, ಮುಚ್ಚಳದ ಮೇಲಿರಿಸಿ, ಸೀಸದಕಡ್ಡಿಯಿಂದ ಮೆಲ್ಲನೆ ಉಜ್ಜಿ, ಅಚ್ಚನ್ನು ತೆಗೆದುಕೊಳ್ಳುತ್ತಾನೆ. ಅದರ ಕೆಳಗೆ ಆಕೆ ಹೇಳಿದುದನ್ನೆಲ್ಲ ಬರೆದುಕೊಳ್ಳುತ್ತಾನೆ. ಸಂಜೆಯ ಬಸ್ಸಿಗೆ ಅವನು ಹತ್ತುವಾಗ ಚೀಲದಲ್ಲಿ ಇರುವುದು ಆ ಕಾಗದವೊಂದೇ. ಅದನ್ನು ಹೊತ್ತು ಅಸಮಾಧಾನವಿಲ್ಲದೆ ಊರಿಗೆ ಹಿಂದಿರುಗಬಲ್ಲವನಿಗೆ ಮುಂದಿನ ಮನೆಯ ಬಾಗಿಲನ್ನು ತಟ್ಟುವ ಹಕ್ಕುಂಟು.